ಉಸ್ತಾದ ಮಾಮಾರ ನಾಲ್ಕು ಕಾರ್ತೂಸು

ಉಸ್ತಾದ ಮಾಮಾರ ಎಡಗಣ್ಣು ಎಂದೂ ಪೂರ್ತಿ ತೆರೆದಿರುತ್ತಿರಲಿಲ್ಲ. ಚಹಾ ಕುಡಿಯುವಾಗ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ, ಅಷ್ಟೇಕೆ, ಮಗಳ ಮದುವೆಯ ಫೋಟೋದಲ್ಲಿ ಕೂಡ ಅದು ಅರ್ಧ ಮುಚ್ಚಿಯೇ ಇದೆ. ಯಾರಾದರೂ ಕೇಳಿದರೆ, "ಗುರಿ ಹಿಡ್ದು ಹಿಡ್ದು ಹಿಂಗಾಗ್ಯಾದ" ಎನ್ನುತ್ತಿದ್ದರು. ಅವರ ಹೆಂಡತಿ ಹಸೀನಾ ಮಾಮಿಯ ಸಾಕ್ಷ್ಯ ಬೇರೆ: "ಗುರಿ ಎಲ್ಲಿದವ್ವ! ಬಸ್ಸಿನ ಕಿಟಕ್ಯಾಗಿಂದ ಧೂಳ ಬಡದು ಬಡದು ಹಂಗಾಗ್ಯಾದ." ನಾನು ಎರಡೂ ಕಡೆಯ ವಾದ ಕೇಳಿ ಮಾಮಿಯ ಪರವಾಗಿ ತೀರ್ಪು ಕೊಟ್ಟಿದ್ದೆ. ಮಾಮಾ ತೀರ್ಪನ್ನು ಒಪ್ಪಲಿಲ್ಲ. ಸಾಯುವವರೆಗೂ ಅವರು ಯಾವ ತೀರ್ಪನ್ನೂ ಒಪ್ಪಿದವರಲ್ಲ.

ಹೆಸರು ದಸ್ತಗೀರಸಾಬ. ಸರಕಾರಿ ಬಸ್ಸಿನ ಡ್ರೈವರಾಗಿದ್ದವರು. ಅಫಜಲಪುರದಿಂದ ಜೇವರ್ಗಿಗೆ, ಅಫಜಲಪುರದಿಂದ ಆಳಂದಕ್ಕೆ ಸ್ಟಿಯರಿಂಗ್ ತಿರುವುತ್ತಲೇ ಅವರ ನೌಕರಿ ಮುಗಿಯಿತು. ನಮ್ಮ ಕಡೆ ಡ್ರೈವರನ್ನು ಉಸ್ತಾದ ಎನ್ನುತ್ತಾರೆ, ನಿವೃತ್ತರಾದ ಮೇಲೂ ಅವರು ಊರಿಗೆಲ್ಲ ಉಸ್ತಾದರೇ. ಗಾಣಗಾಪುರದ ರಸ್ತೆಯಲ್ಲಿರುವ ನಮ್ಮೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಹಾಗಾಗಿ ನನಗೆ ಅವರು ಉಸ್ತಾದ ಮಾಮಾ, ಅವರಿಗೆ ನಾನು ವಕೀಲ ಬೇಟಿ. ನಾನು ವಕೀಲಳಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತಾಡುತ್ತಿದ್ದೆ, ಅಷ್ಟೇ. ಈ ತಿದ್ದುಪಡಿಯನ್ನು ಅವರ ಮುಂದೆ ಎಷ್ಟೋ ಸಲ ಮಂಡಿಸಿದ್ದೇನೆ. "ಫರಕ್ ಏನದ? ಇಬ್ರೂ ತಮಗ ಗೊತ್ತಿಲ್ದಿದ್ದಕ್ಕ ಜಗಳಾಡ್ತಾರ" ಎಂದು ತಳ್ಳಿಹಾಕಿದರು.

ಅವರ ಲೆಕ್ಕದಲ್ಲಿ ಜಗತ್ತಿನ ಎಲ್ಲ ದೂರಗಳೂ ಬಸ್ಸಿನ ಉದ್ದಗಳಲ್ಲಿ ಇದ್ದವು. ಆ ಬೇವಿನ ಗಿಡ ಎಷ್ಟು ದೂರ ಎಂದರೆ, "ಹತ್ತು ಬಸ್ಸ. ಮ್ಯಾಲ ಒಂದು ಟೆಂಪೋ ಹಿಡೀತದ." ಮನುಷ್ಯರೂ ಹಾಗೆಯೇ. ಜಗಳಗಂಟ ಅಂದರೆ ಹಾರ್ನ್ ಇದ್ದು ಬ್ರೇಕ್ ಇಲ್ಲದವ. ಜಿಪುಣ ಅಂದರೆ ನ್ಯೂಟ್ರಲ್‌ನಲ್ಲಿ ಇಳುಕಲು ಇಳಿಯುವವ. ನಾನು? "ಬರೀ ಫಸ್ಟ್ ಗೇರ್ ಬೇ ನೀನು. ಸಪ್ಪಳ ಭಾಳ, ದಾರಿ ಕಮ್ಮಿ."

ಇಂಥ ಮನುಷ್ಯನ ಮನೆಯಲ್ಲಿ ಒಂದು ರೈಫಲ್ ಇತ್ತು. ಅವರ ಅಪ್ಪನ ಕಾಲದ್ದು, ಲೈಸೆನ್ಸಿನದ್ದು. ಸುತ್ತ ನಾಲ್ಕು ಹಳ್ಳಿಗೆ ಅದೊಂದೇ ರೈಫಲ್. ಚುನಾವಣೆ ಬಂದಾಗಲೆಲ್ಲ ಅದನ್ನು ಅಫಜಲಪುರದ ಠಾಣೆಗೆ ಒಪ್ಪಿಸಿ ಬರಬೇಕಿತ್ತು. ಮಾಮಾ ಅದನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟಿನಲ್ಲಿ, ಜ್ವರ ಬಂದ ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಹೋಗುತ್ತಿದ್ದರು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಹಳೆಯ ಗೆಳೆಯನಾದ ಕಂಡಕ್ಟರ್ ಬಂದು ಕೌದಿಯ ಮೇಲೆ ಕೈಯಿಟ್ಟು, "ಉಸ್ತಾದ್ರ, ಇದಕ್ಕ ಹಾಫ್ ಟಿಕೆಟ್ ಹರೀಲೇನ್ರಿ?" ಎಂದ. ಮಾಮಾ ಕಣ್ಣೆತ್ತದೆ ಉತ್ತರಿಸಿದರು: "ನನ್ನಪ್ಪನಕಿಂತ ದೊಡ್ಡದದ ಲೇ. ಸೀನಿಯರ್ ಸಿಟಿಜನ್ ಹಾಕು."

ರೈಫಲ್ಲಿಗಿಂತ ಹೆಸರಾದದ್ದು ಅವರ ಕಾರ್ತೂಸುಗಳು. ಒಂದು ಹಳೆಯ ಊಟದ ಡಬ್ಬಿಯಲ್ಲಿ ನಾಲ್ಕು ಬಗೆಯವು ಇದ್ದವು. ಮದ್ದು ತೆಗೆದು, ಗುಂಡನ್ನು ಮಾತ್ರ ಮತ್ತೆ ಕೂಡಿಸಿದ ನಮೂನೆಗಳು. ಯಾರೋ ಅಂಗಡಿಯವರು ಎಂದೋ ಕೊಟ್ಟದ್ದು. ಅವನ್ನು ಹೊರಸಿನ ಮೇಲೆ ಸಾಲಾಗಿ ನಿಲ್ಲಿಸಿ, ಎದುರು ಕೂತವರನ್ನು ಅರ್ಧಗಣ್ಣಿನಿಂದ ನೋಡಿ ಕೇಳುತ್ತಿದ್ದರು: "ಹೇಳ್ರಿ. ಜಿಂಕಿಗೆ ಯಾವ್ದು?"

ಕೇಳಲು ಬರುತ್ತಿದ್ದವರು ಹೊಲದವರು. ನಮ್ಮ ಕಡೆಯ ಜಿಂಕೆಗಳನ್ನು ಚಿತ್ರದಲ್ಲಿ ನೋಡಿದವರಿಗೆ ಅವು ಚೆಂದ. ತೊಗರಿ ಬಿತ್ತಿದವರಿಗೆ ಬೇರೆ. ಮಳೆ ಬಿದ್ದು ತೊಗರಿ ಗೇಣುದ್ದ ಎದ್ದು ನಿಲ್ಲುವ ಹೊತ್ತಿಗೆ ಹಿಂಡು ಇಳಿಯುತ್ತದೆ, ಎಳೆಯ ಕುಡಿಗಳನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ಮೇಯುತ್ತದೆ. ಪ್ರತಿ ವರ್ಷ ಮೊದಲು ಬರುತ್ತಿದ್ದವನು ನನ್ನ ಶರಣಪ್ಪ ಕಾಕಾ, ಅಪ್ಪನ ತಮ್ಮ. "ಉಸ್ತಾದ್ರ, ಒಂದ ಹೊಡೀರಿ. ಒಂದು ಬಿದ್ರ ಉಳದವು ಈ ಕಡಿ ಹಾಯಂಗಿಲ್ಲ."

ಮಾಮಾ ಎಂದೂ ಇಲ್ಲ ಎನ್ನಲಿಲ್ಲ. "ಹೊಡಿಯೂಣು. ಖರೆ, ಯಾವ ಕಾರ್ತೂಸ?" ಎನ್ನುತ್ತಿದ್ದರು.

ಅಲ್ಲಿಂದ ಪಾಠ. ಸಪೂರದ್ದನ್ನು ಎತ್ತಿ, "ಇದು ಎಕ್ಸ್‌ಪ್ರೆಸ್. ಭಾಳ ಜೋರ. ಖರೆ ಹಗುರ ಅದ, ಗಾಳಿ ಬಿಟ್ರ ಬಾಜೂಕ ಸರೀತದ." ಪೂರ್ತಿ ತಾಮ್ರ ಹೊದ್ದದ್ದನ್ನು ಎತ್ತಿ, "ಇದು ನಾನ್‌ಸ್ಟಾಪ್. ಜಿಂಕಿ ಒಳಗಿಂದ ಹಾದು ಬಾಜು ಊರಿಗಿ ಹೋಗಿ ಬಾಗಲಾ ಬಡೀತದ." ಗಿಡ್ಡ ದಪ್ಪನೆಯದನ್ನು ಎತ್ತಿ, "ಇದು ಲಾರಿ. ಇದ್ರಲೇ ಹೊಡದ್ರ ಜಿಂಕಿ ಉಳಿಯಂಗಿಲ್ಲ, ಬರೀ ಕೊಂಬ ಸಿಗ್ತಾವ." ಕೊನೆಗೆ ಮೂತಿಯಲ್ಲಿ ಸೀಸ ಕಾಣುವುದನ್ನು ಎತ್ತಿ, ದನಿ ತಗ್ಗಿಸಿ, "ಇದು ಆರ್ಡಿನರಿ. ಒಳಗ ಹೋಗಿ ಹೂವಿನಂಗ ಅರಳ್ತದ, ಅಲ್ಲೇ ನಿಲ್ತದ. ಇದಕ್ಕ ಬ್ರೇಕ್ ಅದ."

"ಮತ್ತ ಅದೇ ಆಗ್ಲಿ ಬಿಡ್ರಿ" ಎಂದರೆ ಮುಗಿಯಿತೇ? ಇಲ್ಲ. "ಬಡದ್ರ ಬ್ರೇಕ್. ತಪ್ಪಿದ್ರ? ತಪ್ಪಿದ ಗುಂಡಿಗಿ ಯಾವ ಬ್ರೇಕೂ ಇಲ್ಲ. ಜಿಂಕಿ ಹಿಂದ ಏನದ?"

ಜಿಂಕೆಯ ಹಿಂದೆ ಏನಿದೆ ಎನ್ನುವುದು ಅವರ ಬ್ರಹ್ಮಾಸ್ತ್ರ. ನಮ್ಮದು ಎರೆಭೂಮಿ, ಅಂಗೈಯಂತೆ ಸಪಾಟು. ಗುಂಡನ್ನು ತಡೆಯಲು ಒಂದು ಗುಡ್ಡವಿಲ್ಲ, ದಿಬ್ಬವಿಲ್ಲ. "ಹಿಂದ ಏನೂ ಇಲ್ರಿ" ಎಂದು ಕಾಕಾ ಹೇಳುತ್ತಿದ್ದ. "ಬಸ್ ರಿವರ್ಸ್ ತಗೋಬೇಕಾದ್ರ ಏನೂ ಇಲ್ಲಂತ ಕುಂತಲ್ಲೇ ಹೇಳ್ತಾರೇನು? ಇಳದು ನೋಡ್ಬೇಕು. ನಡೀರಿ." ಹೀಗೆ ಮುಂಜಾನೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ, ಗಾಳಿ ನೋಡಲು, ದೂರ ಅಳೆಯಲು, ಹಿಂದೆ ಏನಿದೆ ಎಂದು ಖಾತ್ರಿ ಮಾಡಲು ಮೆರವಣಿಗೆ ಹೊಲಕ್ಕೆ ಹೊರಡುತ್ತಿತ್ತು. ಮಾಮಾ ಬೆರಳು ಎಂಜಲು ಮಾಡಿ ಗಾಳಿಗೆ ಹಿಡಿಯುತ್ತಿದ್ದರು, ಜೋರಾಗಿ ಬಸ್ಸು ಎಣಿಸುತ್ತಿದ್ದರು. ಹಿಂಡಿನ ಆಚೆ ಏನಿರಬಹುದು ಎಂದು ನಡೆದು ಹೋಗಿ ನೋಡಿದರೆ, ಏನಾದರೂ ಇದ್ದೇ ಇರುತ್ತಿತ್ತು. ಕಳೆ ತೆಗೆಯುವ ಹೆಣ್ಣುಮಕ್ಕಳು, ಇಲ್ಲವೇ ಕೆನಾಲಿನ ಮಗ್ಗುಲಲ್ಲಿ ಎಮ್ಮೆ, ಇಲ್ಲವೇ ಗಾಣಗಾಪುರಕ್ಕೆ ದತ್ತನ ಹೆಸರು ಹೇಳುತ್ತ ನಡೆದು ಹೋಗುವವರು. "ನೋಡಿದಿ?" ಎಂದು ಮಾಮಾ ಕಾಕಾನ ಕಡೆ ತಿರುಗುತ್ತಿದ್ದರು. ಅಷ್ಟರಲ್ಲಿ ಜಿಂಕೆಗಳೆಲ್ಲಿ? ಯಾವಾಗಲೋ ಹಾರಿ ಹೋಗಿರುತ್ತಿದ್ದವು.

ನಾನು ಇದನ್ನೆಲ್ಲ ನಂಬಿ ಕೂತವಳಲ್ಲ. ಜೇವರ್ಗಿಯ ಒಂದು ಸ್ಪರ್ಧೆಯಲ್ಲಿ ಕಪ್ ಗೆದ್ದು ಬಂದ ಹುರುಪಿನಲ್ಲಿ ಒಂದು ಮಧ್ಯಾಹ್ನ ಮಾಮಾರನ್ನು ಕಟಕಟೆಗೆ ಹತ್ತಿಸಿದೆ.

"ಮಾಮಾ, ಶಿಕಾರಿ ಕಾಯ್ದೆ ಬರೂಕಿಂತ ಮದ್ಲ ನೀವೊಂದು ಜಿಂಕಿ ಹೊಡದಿದ್ರಿ ಅಂತೀರಿ. ಹೋದ ವರ್ಷ ಅದು ಗಾಣಗಾಪುರದ ಸಂಗಮದ ಹತ್ರ ಅಂದ್ರಿ. ಮೊನ್ನಿ ಹಿರೋಳ್ಳಿ ಹತ್ರ ಅಂದ್ರಿ. ಎಲ್ಲಿ ಖರೆ?"

"ಎರಡೂ ಖರೆ."

"ಒಂದು ಜಿಂಕಿ ಎರಡು ಕಡಿ ಸಾಯಂಗಿಲ್ಲ."

"ಸತ್ತದ ಅಂತ ಯಾರ ಅಂದ್ರು? ಎರಡೂ ಕಡಿ ತಪ್ಪಿಸ್ಕೊಂಡದ."

ಒಳಗಿನಿಂದ ಹಸೀನಾ ಮಾಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೂಗಿದರು: "ಮೂರ ಕಡಿ! ನನ್ನ ತವರಮನಿ ಹೊಲ್ದಾಗೂ ತಪ್ಪಿಸ್ಕೊಂಡಿತ್ತು. ಅವತ್ತ ನಮ್ಮಪ್ಪ ನಕ್ಕಿದ್ದು ಇನ್ನಾ ಕಿವ್ಯಾಗ ಅದ."

ನಾನು ಬಿಡಲಿಲ್ಲ. ಡಬ್ಬಿಯಿಂದ ನಾಲ್ಕನ್ನೂ ಎತ್ತಿಕೊಂಡೆ. ಒಂದರ ಬುಡ ನನ್ನ ಕಿರುಬೆರಳಿನಷ್ಟು, ಒಂದರದು ಹೆಬ್ಬೆರಳಿನಷ್ಟು. "ಮಾಮಾ, ನಿಮ್ಮ ರೈಫಲ್ಲಿಗಿ ಇರೂದು ಒಂದ ನಳಿಗಿ. ಇವುದ್ರಾಗ ಮೂರು ಆ ನಳಿಗ್ಯಾಗ ಹೋಗಂಗೇ ಇಲ್ಲ. ಹಿಡಿಯೂದು ಇದೊಂದ, ಸೀಸದ್ದು. ಹಂಗಾದ್ರ ಆರಸೂದು ಏನದ?"

ಮಾಮಾ ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಆಮೇಲೆ ನನ್ನ ಕೈಯಿಂದ ಕಾರ್ತೂಸುಗಳನ್ನು ಒಂದೊಂದಾಗಿ ತೆಗೆದುಕೊಂಡು, ಅವುಗಳ ಜಾಗದಲ್ಲಿ ಮತ್ತೆ ನಿಲ್ಲಿಸಿದರು.

"ಕೊಲ್ಲೂದಾದ್ರ ಒಂದ ಸಾಕು ಬೇಟಿ" ಎಂದರು. "ಆರಸೂದಾದ್ರ ನಾಲ್ಕ ಬೇಕು."

"ಹೋಗ್ಲಿ, ಆ ಒಂದರೆ ಅದ ಏನು? ಮದ್ದು ತುಂಬಿದ್ದು? ಟ್ರಂಕಿನ್ಯಾಗ ಅದಾವ ಅಂತೀರಲ್ಲ?"

"ಟ್ರಂಕಿನ್ಯಾಗ ಅವರ ಖಾಕಿ ಅಂಗಿ ಅದಾವ" ಎಂದರು ಮಾಮಿ ಒಳಗಿನಿಂದ. "ಕಾರ್ತೂಸ ತರೂದು ಬಿಟ್ಟು ಯಾವ ಕಾಲಾತು."

ನಾನು ಗೆದ್ದಿದ್ದೆ. ಆದರೆ ಗೆದ್ದವಳಿಗೆ ಒಂದು ಪ್ರಶ್ನೆ ಉಳಿಯಿತು. ಹೊಡೆಯುವ ಮನಸ್ಸಿಲ್ಲದಿದ್ದರೆ ನೇರ ಹೇಳಬಹುದಲ್ಲ? ಜಿಂಕೆ ಹೊಡೆದರೆ ಜೈಲು, ಇದು ಎಲ್ಲರಿಗೂ ಗೊತ್ತಿರುವ ಕಾಯ್ದೆ. ಕೇಳಿಯೂ ಬಿಟ್ಟೆ.

"ನಿಮ್ಮ ಕಾಕಾಗ ಕಾಯ್ದೆ ಹೇಳಿ ನೋಡು. ಅವನಿಗಿ ಸಿಟ್ಟ ಬರ್ತದ. ಕಾರ್ತೂಸ ಕೇಳಿ ನೋಡು. ಹುರುಪ ಬರ್ತದ. ಸಿಟ್ಟಿನ ಮನಷಾ ಮನ್ಯಾಗ ಕುಂತು ಕೆಟ್ಟ ಯೋಚನಿ ಮಾಡ್ತಾನ. ಹುರುಪಿನ ಮನಷಾ ಹೊಲಕ್ಕ ಬರ್ತಾನ." ಎದೆ ಮುಂದೆ ಮಾಡಿ, "ನನ್ನ ಸರ್ವಿಸ್‌ನ್ಯಾಗ ಒಂದ ನಾಯಿ ಸುದ್ದಾ ನನ್ನ ಗಾಲಿ ಕೆಳಗ ಬಂದಿಲ್ಲ" ಎಂದರು.

"ಒಂದು ಕೋಳಿ ಬಂದಿತ್ತು" ಎಂದರು ಮಾಮಿ.

"ಅದು ಹಿಂದಿನ ಗಾಲಿ!"

ಆಗ ನನಗೆ ಲೆಕ್ಕ ಹತ್ತಿತು. ತೊಗರಿ ಗೇಣುದ್ದ ಇರುವಾಗಿನಿಂದ ಎದೆಯೆತ್ತರ ಬರುವ ತನಕ ಮಾತ್ರ ಜಿಂಕೆಯ ಕಾಟ. ಗಿಡ ಎತ್ತರವಾಗಿ ಸುತ್ತಲಿನದು ಕಾಣದಂತಾದರೆ ಆ ಅಂಜುಬುರುಕ ಪ್ರಾಣಿ ಒಳಗೆ ಕಾಲಿಡುವುದಿಲ್ಲ. ಅಲ್ಲಿಯ ತನಕ ದಿನಕ್ಕೆರಡು ಸಲ ನಾಲ್ಕಾರು ಗಂಡಸರು ಹೊಲದಲ್ಲಿ ಓಡಾಡಿ ಗದ್ದಲ ಹಾಕಿದರೆ ಸಾಕು. ಸುಮ್ಮನೆ ಕಾವಲು ಕಾಯಿರಿ ಎಂದರೆ ಯಾರೂ ಬರುವುದಿಲ್ಲ. ಬೇಟೆಗೆ ಕಾರ್ತೂಸು ಆರಿಸೋಣ ಬನ್ನಿ ಎಂದರೆ ಚಹಾ ಬಿಟ್ಟು ಬರುತ್ತಾರೆ.

ಇಷ್ಟಾದರೂ ನಾನು ಇದನ್ನು ಸಂಶಯದ ಖಾತೆಯಲ್ಲೇ ಇಟ್ಟಿದ್ದೆ. ಒಂದು ಮುದುಕನ ಬಡಾಯಿ ಅಕಸ್ಮಾತ್ತಾಗಿ ಉಪಯೋಗಕ್ಕೆ ಬಂದಿರಬಹುದು, ಅದಕ್ಕೆ ಉದ್ದೇಶ ಹಚ್ಚುವುದು ನಮ್ಮ ದೌರ್ಬಲ್ಯ ಎಂದು ನನ್ನ ಮನಸ್ಸು ವಾದಿಸುತ್ತಿತ್ತು. ಆ ವಾದ ಮುರಿದದ್ದು ಕಾಕಾ ತಂತಿ ತಂದ ವರ್ಷ.

ಆ ವರ್ಷ ಮಳೆ ತಡವಾಯಿತು. ತೊಗರಿ ಮೊಣಕಾಲಿಗೆ ಬಂದು ಅಲ್ಲೇ ನಿಂತುಬಿಟ್ಟಿತು, ಹಿಂಡು ಮಾತ್ರ ದಿನಾ ಬಂತು. ಒಂದು ಮುಂಜಾನೆ ಕಾಕಾನ ಟ್ರ್ಯಾಕ್ಟರಿನಲ್ಲಿ ತಂತಿಯ ಸುರುಳಿ ಬಂದು ಇಳಿಯಿತು. ಬೋರಿನ ಮೋಟರಿನಿಂದ ಕರೆಂಟು ಎಳೆದು ಹೊಲದ ಸುತ್ತ ಬಿಡುವುದು ಅವನ ವಿಚಾರ. ಪಕ್ಕದೂರಿನಲ್ಲಿ ಹಂದಿಗೆಂದು ಹೀಗೇ ಬಿಟ್ಟಿದ್ದ ತಂತಿಗೆ, ಬಿಟ್ಟವನ ಸ್ವಂತ ಅಳಿಯನೇ ಸಿಕ್ಕಿ ಸತ್ತಿದ್ದ. ನಾನು ಕಾಲೇಜಿನ ಸೂಟಿಗೆ ಮನೆಯಲ್ಲಿದ್ದೆ. ಕಾಯ್ದೆ ಹೇಳಿದೆ, ಜೈಲು ಹೇಳಿದೆ, ಆ ಅಳಿಯನ ಹೆಸರು ಹೇಳಿದೆ.

"ಜಿಂಕಿಗಿ ಕಾಯ್ದೆ ಅದ. ನನ್ನ ತೊಗರಿಗಿ ಯಾವ ಕಾಯ್ದೆ ಅದ, ಅಷ್ಟು ಹೇಳು" ಎಂದ ಕಾಕಾ.

ಅವನು ನೇರ ಮಾಮಾರ ಅಂಗಳಕ್ಕೆ ಹೋದ. ನಾನೂ ಹಿಂದೆ ಓಡಿದೆ. ಮಾಮಾ ಆಗಲೇ ಡಬ್ಬಿ ತೆರೆದು ನಾಲ್ಕನ್ನೂ ನಿಲ್ಲಿಸುತ್ತಿದ್ದರು. ಕಾಕಾ ನಿಂತೇ ಹೇಳಿದ: "ಉಸ್ತಾದ್ರ, ಮಾತು ಸಾಕು. ಇವತ್ತ ಹೊಡೀತೀರೋ ಇಲ್ರೋ? ಇಲ್ಲಾಂದ್ರ ಸಂಜಿಕಿ ತಂತಿ ಎಳೀತೇನಿ."

"ಹೊಡಿಯೂಣು ಶರಣಪ್ಪ. ಕುಂದ್ರು ಮದ್ಲ. ಯಾವ ಕಾರ್ತೂಸ?"

"ನೀವು ಹೇಳಿದ್ದು."

"ಆರ್ಡಿನರಿ ಅಂದ್ರ..."

"ಆತು. ಆರ್ಡಿನರಿ."

"ಗಾಳಿ ಜೋರ ಇದ್ರ ಅದು..."

"ಖರೆ ಅದರಿ. ಗಾಳಿ ನಿಂತ ಮ್ಯಾಲ ಹೊಡೀರಿ. ಹಿಂದ ಏನದ ನೋಡಿ ಬಂದೇನಿ, ಏನೂ ಇಲ್ಲ. ಟ್ರಂಕ್ ತೆಗೀರಿ."

ಚರ್ಚೆ ಮಾಡಿದವರಿಗೆ ಗೊತ್ತು: ಎದುರಾಳಿ ಒಪ್ಪಿಬಿಟ್ಟರೆ ಮುಗಿಯಿತು, ನಿಮ್ಮ ಹತ್ತಿರ ಇನ್ನು ಮಾತೇ ಇಲ್ಲ. ಟ್ರಂಕಿನಲ್ಲಿ ಇದ್ದದ್ದು ಖಾಕಿ ಅಂಗಿ. ಅದನ್ನು ತೆರೆದರೆ ಮಾಮಾ ನಗೆಪಾಟಲು, ಸಂಜೆಗೆ ತಂತಿ. ಮಾಮಾರ ಕೈ ಆರ್ಡಿನರಿಯ ಮೇಲೆ ಇತ್ತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಆ ಎಡಗಣ್ಣು ಅವತ್ತು ಪೂರ್ತಿ ತೆರೆದಿತ್ತು. ಎರಡೂ ಕಣ್ಣು ತೆರೆದ ಮಾಮಾ ಬೇರೆ ಯಾರೋ ಆಗಿ ಕಂಡರು, ಬಹಳ ವಯಸ್ಸಾದವರು.

"ನಾ ಒಪ್ಪಂಗಿಲ್ಲ" ಎಂದೆ.

ಇಬ್ಬರೂ ತಿರುಗಿದರು. "ನಿನ್ನ ಯಾರ ಕೇಳ್ಯಾರ ಬೇ?" ಎಂದ ಕಾಕಾ.

"ಆರ್ಡಿನರಿ ಬರೋಬ್ಬರಿ ಅಲ್ಲ. ಈ ವರ್ಷ ತೊಗರಿ ಗಿಡ್ಡ ಅದ. ಜಿಂಕಿ ದೂರಿಂದ ನಮ್ಮನ್ನ ನೋಡ್ತದ. ಹತ್ರ ಹೋಗ್ಲಾಕ ಬಿಡಂಗಿಲ್ಲ. ದೂರಕ್ಕ ಎಕ್ಸ್‌ಪ್ರೆಸ್ಸೇ ಬೇಕು."

ಮಾಮಾರ ಎಡಗಣ್ಣು ಮೆಲ್ಲಗೆ ಅರ್ಧಕ್ಕೆ ಇಳಿಯಿತು. "ಎಕ್ಸ್‌ಪ್ರೆಸ್?" ಎಂದು ಗುಡುಗಿದರು. "ಈ ಗಾಳ್ಯಾಗ? ಹುಚ್ಚ ಹಿಡದದೇನ್ ಬೇ ನಿನಗ?"

"ಎಷ್ಟು ಸರೀತದ ಹೇಳ್ರಿ. ನೀವೇನರೆ ಅಳದು ನೋಡೀರಾ?"

"ಹತ್ತು ಬಸ್ಸಿಗಿ ಒಂದ ಗೇಣ!"

"ಎರಡ ಗೇಣ ಅಂತೇನಿ ನಾ."

"ಏ, ಗೇಣೂ ಇಲ್ಲ ಗೀಣೂ ಇಲ್ಲ" ಎಂದ ಕಾಕಾ. ಬಾಯಿ ತೆರೆದದ್ದೇ ತಪ್ಪಾಯಿತು. ನಾನು ತಟ್ಟನೆ ಅವನ ಕಡೆ ತಿರುಗಿ, "ಗೇಣಿಲ್ಲ ಅನ್ನೂಕಿಂತ ಮದ್ಲ ಗಾಳಿ ಯಾವ ಕಡಿಯಿಂದ ಅದ ಹೇಳು ಕಾಕಾ" ಎಂದೆ. ಅವನು ಪಡುವಣ ಎಂದ. ಮಾಮಾ ಅಲ್ಲ ಎಂದರು. ಅವನು ತನ್ನ ಹೊಲದ ಗಾಳಿ ತನಗೆ ಗೊತ್ತಿಲ್ಲವೇ ಎಂದು ಹೊರಸಿನ ಮೇಲೆ ಕೂತ. ಕೂತ! ಕೂತವನಿಗೆ ಮಾಮಿ ಚಹಾ ತಂದುಕೊಟ್ಟರು. ಚಹಾ ಮುಗಿಯುವಷ್ಟರಲ್ಲಿ ಕಾಕಾ ಆರ್ಡಿನರಿಯ ಪರ ನಿಂತಿದ್ದ, ಮಾಮಾ ಅವನ ಬೆಂಬಲಕ್ಕಿದ್ದರು, ನಾನೊಬ್ಬಳೇ ವಿರೋಧಿ. ಹೊಲಕ್ಕೇ ಹೋಗಿ ತೀರ್ಮಾನ ಮಾಡೋಣ ಎಂದು ಮೂವರೂ ಎದ್ದೆವು. ದಾರಿಯಲ್ಲಿ ಇನ್ನಷ್ಟು ಜನ ಕೂಡಿದರು, ಪಕ್ಷಗಳಾದವು. ಹಿಂಡು ನಮ್ಮ ದನಿ ಕೇಳಿಯೇ ಕೆನಾಲು ದಾಟಿ ಓಡಿತು.

ಅಂದು ತೀರ್ಮಾನವಾಗಲಿಲ್ಲ. ಮರುದಿನವೂ ಇಲ್ಲ. ನನ್ನ ಸೂಟಿ ಮುಗಿಯುವ ತನಕ ನಾನು ದಿನಾ ಸೋಲದಂತೆ, ಗೆಲ್ಲದಂತೆ ವಾದ ಮಾಡಿದೆ. ಯಾವ ಸ್ಪರ್ಧೆಯಲ್ಲೂ ಅಷ್ಟು ಕಷ್ಟಪಟ್ಟಿಲ್ಲ. ನಡುವೆ ಮಳೆ ಬಂತು, ತೊಗರಿ ಎದೆಗೆ ಏರಿತು. ತಂತಿಯ ಸುರುಳಿ ಕಾಕಾನ ಪತ್ರಾಸಿನ ಶೆಡ್ಡಿನಲ್ಲಿ ಬಿದ್ದುಕೊಂಡಿತು, ಅದರ ಮೇಲೆ ಕೋಳಿ ಮೊಟ್ಟೆಯಿಟ್ಟಿತು. ಕಾಲೇಜಿಗೆ ಹೊರಟ ದಿನ ಬಸ್ ಸ್ಟ್ಯಾಂಡಿಗೆ ಬಂದ ಮಾಮಾ ಹೊಗಳಲಿಲ್ಲ, ಧನ್ಯವಾದ ಅವರ ಬಾಯಲ್ಲಿ ಬರುವ ಮಾತೇ ಅಲ್ಲ. "ಸೆಕೆಂಡ್ ಗೇರಿಗಿ ಬಂದಿ" ಎಂದರು.

ಕೊನೆಯ ಸಲ ಅವರನ್ನು ನೋಡಿದ್ದು ಕಳೆದ ಬೇಸಿಗೆಯಲ್ಲಿ. ಚುನಾವಣೆಯೆಂದು ರೈಫಲ್ ಠಾಣೆಗೆ ಹೋಗಿತ್ತು. ಈ ಸಲ ಅದನ್ನು ಒಯ್ದದ್ದು ಅವರ ಅಳಿಯ. ಮಾಮಾ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಉಸಿರು ಏರಿಳಿಯುವುದು ದೂರದಿಂದಲೇ ಕಾಣುತ್ತಿತ್ತು. ಮಾಮಿ ಜಾಸ್ತಿ ಮಾತಾಡಿಸಬೇಡ ಎಂದು ಕಣ್ಣಲ್ಲೇ ಹೇಳಿದರು. ನಾನು ಸುಮ್ಮನೆ ಕೂತೆ. ನಾನು ಸುಮ್ಮನೆ ಕೂತದ್ದನ್ನು ಅವರಿಗೆ ಸಹಿಸಲಾಗಲಿಲ್ಲ.

"ವಕೀಲ್ರ" ಎಂದರು. "ಖರೇ ಹೇಳು. ಜಿಂಕಿಗೆ ಯಾವ್ದು?"

"ಮದ್ಲ ಹಿಂದ ಏನದ ಹೇಳ್ರಿ."

ಅವರು ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ನಕ್ಕಾಗ ಎರಡೂ ಕಣ್ಣು ಮುಚ್ಚಿದವು. ಮಳೆಗಾಲ ಬರುವ ಮೊದಲೇ ಮಾಮಾ ಹೋದರು. ರೈಫಲ್ ಇನ್ನೂ ಠಾಣೆಯಲ್ಲೇ ಇದೆ. ಅದನ್ನು ಬಿಡಿಸಿಕೊಂಡು ಬರಲು ಯಾರಿಗೂ ಮನಸ್ಸಿಲ್ಲ.

ಈ ವರ್ಷ ತೊಗರಿ ಗೇಣುದ್ದ ಎದ್ದಾಗ ನಾನು ಊರಿಗೆ ಬಂದೆ. ಸುಳ್ಳು ಏಕೆ, ತಂತಿಯ ಭಯಕ್ಕೇ ಬಂದೆ. ಮುಂಜಾನೆ ಎದ್ದು ಮೊದಲು ಶೆಡ್ಡಿಗೆ ಹೋಗಿ ನೋಡಿದರೆ ಸುರುಳಿ ಅಲ್ಲೇ ಇತ್ತು, ಕಾಕಾ ಇರಲಿಲ್ಲ. ಹೊಲಕ್ಕೆ ಓಡಿದೆ. ಬದುವಿನ ಮೇಲೆ ಕಾಕಾ ಕುಕ್ಕರಗಾಲಿನಲ್ಲಿ ಕೂತಿದ್ದ. ಅವನ ಮುಂದಿನ ಕಲ್ಲಿನ ಮೇಲೆ ಊಟದ ಡಬ್ಬಿ, ಡಬ್ಬಿಯ ಮುಂದೆ ನಾಲ್ಕು ಕಾರ್ತೂಸು ಸಾಲಾಗಿ ನಿಂತಿದ್ದವು.

"ನಿಮ್ಮ ಮಾಮಿ ಕೊಟ್ರು" ಎಂದ, ನಾನು ಕೇಳುವ ಮೊದಲೇ. ತೊಗರಿಯ ಆಚೆ ಹಿಂಡು ತಲೆ ತಗ್ಗಿಸಿ ಮೇಯುತ್ತಿತ್ತು. ನಾನು ಅವನ ಪಕ್ಕ ಕೂತೆ. ನನ್ನ ಹತ್ತಿರ ಎಂದೋ ಗೆದ್ದ ವಾದವೊಂದು ಸಿದ್ಧವಾಗಿಯೇ ಇತ್ತು, ನಾಲಿಗೆಯ ತುದಿಗೂ ಬಂತು. ಕಾಕಾ ನನ್ನ ಮುಖ ನೋಡಿದ.

"ಗೊತ್ತದ ಬೇ. ನಾ ಟ್ರ್ಯಾಕ್ಟರಿಗಿ ಬೇರಿಂಗ್ ಹಾಕಾವ, ಅಳತಿ ಕಣ್ಣಿಗೇ ತಿಳೀತದ. ಇವುದ್ರಾಗ ಮೂರು ಆ ನಳಿಗ್ಯಾಗ ಹೋಗಂಗಿಲ್ಲ. ತಂತಿ ತಂದ ವರ್ಷನೇ ತಿಳದಿತ್ತು, ನೀವಿಬ್ರೂ ಬಾಯಿ ಮಾಡಾಕತ್ತಾಗ." ಸಪೂರದ್ದೊಂದನ್ನು ಎತ್ತಿ ಬೆಳಕಿಗೆ ಹಿಡಿದ. ಹಿಡಿಯುವಾಗ ಅವನ ಎಡಗಣ್ಣು ತಾನಾಗಿ ಅರ್ಧ ಮುಚ್ಚಿತು. "ನನಗ ಗೊತ್ತದ, ನಿನಗ ಗೊತ್ತದ. ಜಿಂಕಿಗಿ ಗೊತ್ತಿಲ್ಲ. ಹೂಂ, ಹೇಳು. ಯಾವ್ದು?"

ನಾನು ಎದ್ದು ನಿಂತೆ. ಬೆರಳು ಎಂಜಲು ಮಾಡಿ ಗಾಳಿಗೆ ಹಿಡಿದೆ.

"ಎಕ್ಸ್‌ಪ್ರೆಸ್!" ಎಂದು ಎಷ್ಟು ಜೋರಾಗಿ ಕೂಗಲು ಸಾಧ್ಯವೋ ಅಷ್ಟು ಜೋರಾಗಿ ಕೂಗಿದೆ.

"ಈ ಗಾಳ್ಯಾಗ?" ಎಂದು ಕಾಕಾ ಅದಕ್ಕಿಂತ ಜೋರಾಗಿ ಕೂಗಿದ.

ಹತ್ತು ಬಸ್ಸಿನಾಚೆ ತಲೆಗಳು ಎದ್ದವು.